ಒದ್ದೆ ಬಟ್ಟೆ ತಾಕಬಾರದ ನೆಲ

ಕಳೆದ ತಿಂಗಳು ಕ್ಯಾಲಿಫೋರ್ನಿಯಾದ ಸರಟೋಗಾದಲ್ಲಿ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರ ಸಹನೆಯನ್ನು ಹೊಗಳಿದರು. "ಅಂಥ ಸಹನೆಯ ಮನುಷ್ಯರನ್ನು ನಾನು ಕಂಡೇ ಇಲ್ಲ" ಎಂದು ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಮಡಚುವ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತು ತುಟಿ ಕಚ್ಚಿಕೊಂಡೆ. ಸಹನೆ ಇದ್ದದ್ದು ಅವರಿಗಲ್ಲ, ಅವರನ್ನು ಮನೆಗೆ ಕರೆಸಿಕೊಂಡವರಿಗೆ! ಪಕ್ಕದಲ್ಲಿದ್ದ ನಮ್ಮವರು ನನ್ನ ಕಡೆ ಓರೆಗಣ್ಣಿನಿಂದ ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಒಂದೇ ವಿಷಯ ನೆನಪಾದದ್ದು ಅಪರೂಪ. ಅವತ್ತು ಆಯಿತು. ನಮ್ಮ ಹಾಲ್‌ನ ನಡುವೆ ಪ್ಯಾಂಟು ಮಡಚಿಕೊಂಡು ನಿಂತು, "ಇನ್ನೂ ಆಗಿಲ್ಲ ಕಣ್ ತಾಯಿ" ಎನ್ನುತ್ತಿದ್ದ ಆ ಮನುಷ್ಯ ಇಬ್ಬರ ಕಣ್ಣೆದುರಿಗೂ ಬಂದು ನಿಂತಿದ್ದರು.

ಮೂರು ವರ್ಷದ ಹಿಂದಿನ ಮಾತು. ಕ್ಯಾಂಪ್‌ಬೆಲ್‌ನಲ್ಲಿರುವ ನಮ್ಮ ಮನೆ ಹಳೆಯದು, ಒಂದೇ ಅಂತಸ್ತಿನದು. ಅಡುಗೆಮನೆಯ ಟೈಲ್ಸು ಮುಗಿದು ಹಾಲ್‌ನ ಕಾರ್ಪೆಟ್ಟು ಶುರುವಾಗುವ ಕಡೆ ಅಂಚು ತುಸು ಎದ್ದಿತ್ತು. ಎಷ್ಟೋ ವರ್ಷದಿಂದ ಎದ್ದೇ ಇತ್ತು. ಓಡಾಡುವಾಗ ಕಾಲಿನಿಂದ ಅದುಮಿ ಮುಂದೆ ಹೋಗುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಅತ್ತೆ ಹೂವಿನ ಬಟ್ಟಲು ಹಿಡಿದುಕೊಂಡು ದೇವರ ಗೂಡಿನ ಕಡೆ ಬರುತ್ತಿದ್ದಾಗ ಅವರ ಕಾಲ್ಬೆರಳು ಆ ಅಂಚಿಗೆ ಸಿಕ್ಕಿಕೊಂಡಿತು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಅಲ್ಲಿಂದ, ಮತ್ತೆ ನಡೆಯಲು ಕಲಿಸುವ ರಿಹ್ಯಾಬ್ ಸೆಂಟರಿಗೆ ಸೇರಿಸಿದೆವು.

ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟು ಅಲ್ಲೇ ನಿಂತುಬಿಡುತ್ತಿದ್ದರು. ಐದನೆಯದಕ್ಕೆ ಕಾಲು ಏಳುತ್ತಿರಲಿಲ್ಲ. "ಇಲ್ಲಿ ಆಗಲ್ಲ ಕಣೇ. ಮನೆಗೆ ಕರ್ಕೊಂಡು ಹೋಗು, ನಡೀತೀನಿ" ಎಂದು ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದರು. ಅವರನ್ನು ನಡೆಸುತ್ತಿದ್ದ ಥೆರಪಿಸ್ಟ್ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಕಾರ್ಪೆಟ್ಟು ಇರಕೂಡದು, ಎಡವುವಂಥದ್ದು ಏನೂ ಇರಕೂಡದು, ಇನ್ನೊಂದು ಸಲ ಮುಗ್ಗರಿಸಿದರೂ ಸಾಕು ಇವರು ಮತ್ತೆ ಎದ್ದು ನಿಲ್ಲುವುದಿಲ್ಲ ಎಂದಳು. ಆಗಸ್ಟಿನ ಒಂದು ಬುಧವಾರ ಬಿಡುಗಡೆ ಎಂದು ಗೊತ್ತಾಯಿತು. ಅವತ್ತಿಗೆ ಮನೆ ಸಿದ್ಧವಾಗದಿದ್ದರೆ ಸೆಂಟರಿನ ಹಿಂಬದಿಯ ಕಾಯಂ ವಿಭಾಗಕ್ಕೆ ಕಳಿಸುತ್ತಾರಂತೆ. ನಾನು ಆ ಕಡೆ ಇಣುಕಿ ನೋಡಿದ್ದೆ. ಎಲ್ಲರೂ ಹಾಸಿಗೆಯಲ್ಲೇ ಇದ್ದರು. ಕಿಟಕಿಯ ಬಳಿ ಒಂದು ವಾಕರ್ ಇತ್ತು, ಅದರ ಮೇಲೆ ಯಾರೋ ಟವೆಲ್ ಒಣಹಾಕಿದ್ದರು.

ನಮ್ಮವರು ಒಂದೇ ರಾತ್ರಿಯಲ್ಲಿ ತೀರ್ಮಾನ ಮಾಡಿದರು. ಕಾರ್ಪೆಟ್ಟು ಕೀಳುವುದು, ಇಡೀ ಮನೆಗೆ ಗಟ್ಟಿ ಓಕ್ ಮರದ ಹಲಗೆ ಹಾಕಿಸುವುದು. ನಮ್ಮ ಕನ್ನಡದ ಬಳಗದಲ್ಲಿ ಯಾರ ಮನೆಗೆ ಮರದ ನೆಲ ಹಾಕಿಸಿದರೂ ಮೊದಲು ಕೇಳುತ್ತಿದ್ದದ್ದು ಈಗ ತೀರಿಕೊಂಡ ಈ ಅಂಕಲ್‌ರನ್ನೇ. ಕೇಳಿದೆವು. ನಮ್ಮ ಕಷ್ಟ ಅಲ್ಲಿಂದ ಶುರುವಾಯಿತು.

ಹಾಸನದ ಕಡೆಯವರು. ಇಲ್ಲಿಗೆ ಬಂದು ನಲವತ್ತು ವರ್ಷವಾಗಿದ್ದರೂ ಮಾತು ಹಾಸನದ್ದೇ. ನಿವೃತ್ತರಾಗುವ ತನಕ ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಸಿಲಿಕಾನ್ ಬಿಲ್ಲೆಗಳನ್ನು ಉಜ್ಜಿ ನುಣುಪು ಮಾಡುವ ಯಂತ್ರಗಳ ಉಸ್ತುವಾರಿ ನೋಡಿಕೊಂಡವರು. ಒಂದು ಕೂದಲನ್ನು ನೂರು ಸೀಳು ಮಾಡಿದರೆ ಒಂದು ಸೀಳಿನಷ್ಟು ಏರುಪೇರು ಕಂಡರೂ ಆ ಬಿಲ್ಲೆಯನ್ನು ಎಸೆಯುತ್ತಿದ್ದರಂತೆ. ಅಂಥ ಕೆಲಸ ಮಾಡಿದವರ ಕೈಗೆ ಐವತ್ತು ಅರವತ್ತು ವರ್ಷದ ಹಳೆಯ ಮನೆಯ ನೆಲ ಕೊಟ್ಟರೆ ಏನಾಗಬಹುದು ಎಂದು ನಾವು ಯೋಚಿಸಬೇಕಿತ್ತು. ಯಾರದೇ ಮನೆಗೆ ಊಟಕ್ಕೆ ಹೋದರೂ ಸೋಫಾದಲ್ಲಿ ಕೂರುವ ಮೊದಲು ನೆಲದ ಮೇಲೆ ಪಾದವನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿ ನೋಡಿ, ಏನೂ ಹೇಳದೆ, ಮುಖದಲ್ಲಿ ಎಲ್ಲ ಹೇಳಿ ಕೂರುತ್ತಿದ್ದರು.

ಮೊದಲ ದಿನ ಬಂದಾಗ ನಾನು ಉತ್ಸಾಹದಿಂದ ಓಕ್ ಹಲಗೆಯ ಮಾದರಿ ತೋರಿಸಿದೆ. ಆ ಬಣ್ಣ ಆರಿಸಲು ನನಗೆ ಎರಡು ವಾರ ಹಿಡಿದಿತ್ತು. ಅವರು ಅದನ್ನು ಇಸಿದುಕೊಂಡು, ಮಗುಚಿ, ಬೆನ್ನಿನ ಕಡೆ ನೋಡತೊಡಗಿದರು.

"ಬಣ್ಣ ಹೇಗಿದೆ ಅಂಕಲ್?" ಎಂದೆ.

"ಬಣ್ಣ ಕಟ್ಕೊಂಡು ನಂಗೇನಾಗ್ಬೇಕು ತಾಯಿ? ನಿಮ್ಮನೇಲಿ ಕೆಳಗೇನೈತೆ, ಅದ್ನ ತೋರ್ಸು."

ಕೆಳಗಿದ್ದದ್ದು ಪ್ಲೈವುಡ್. ಹೊಸ ಮರ ಬಂದು ಕೂರಬೇಕಾದ ಅಡಿನೆಲ. ಇಲ್ಲಿಯವರು ಸಬ್‌ಫ್ಲೋರು ಎನ್ನುತ್ತಾರೆ. ಅವರಿಗೆ ಬೇಕಾಗಿದ್ದದ್ದು ಅದೊಂದೇ. ಮೇಲಿನ ಹಲಗೆ ಬಡಿಯುವ ಕೆಲಸಕ್ಕೆ ಅವರು ಕೈ ಹಚ್ಚುತ್ತಲೇ ಇರಲಿಲ್ಲ. "ಮೊಳೆ ಹೊಡಿಯಾಕೆ ಯಾರಾದ್ರೂ ಸಿಕ್ತಾರೆ ಬುಡು" ಎನ್ನುತ್ತಿದ್ದರು.

ಕಾರ್ಪೆಟ್ಟು ಕಿತ್ತ ದಿನ ನೋಡಿದರೆ ಅದರ ಕೆಳಗಿನ ಸ್ಪಂಜನ್ನು ಹಿಡಿದಿಡಲು ಹೊಡೆದ ಸ್ಟೇಪಲ್ ಪಿನ್ನುಗಳು ಇಡೀ ನೆಲದ ತುಂಬ, ಸಾಸಿವೆ ಚೆಲ್ಲಿದ ಹಾಗೆ. ಅವರು ಒಂದು ಇಕ್ಕಳ ತಂದು ನನ್ನ ಕೈಗೆ ಕೊಟ್ಟರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ಎಂಬುದು ಅವರಿಗೆ ಹೇಗೋ ಗೊತ್ತಾಗಿತ್ತು. ಅದರ ಮೇಲೆ ದಿನಕ್ಕೊಂದು ಮಾತಾದರೂ ಬರುತ್ತಿತ್ತು.

"ಸಿಸ್ಟರುಗಳು ಕಸೂತಿ ಕಲ್ಸಿದ್ರಾ ಇಲ್ವಾ?"

"ಕಲಿಸಿದ್ರು ಅಂಕಲ್."

"ಇದೂ ಹಂಗೇಯ. ಅದ್ರಲ್ಲಿ ಹಾಕೋದು, ಇದ್ರಲ್ಲಿ ಕೀಳೋದು. ಕೂತ್ಕೋ."

ಮೂರು ದಿನ ಮಂಡಿಯೂರಿ ಕಿತ್ತೆ. ಬೆರಳಿನ ಸಂದಿಯಲ್ಲಿ ಬೊಬ್ಬೆ ಬಂತು. ಹಳೆಯ ಬೋರ್ನ್‌ವಿಟಾ ಡಬ್ಬಿ ತುಂಬಿತು. ಮುಗಿಯಿತು ಎಂದು ಫೋನ್ ಮಾಡಿದರೆ, ಬಂದವರು ನೆಲವನ್ನು ನೋಡಲೇ ಇಲ್ಲ. "ಒಂದು ಹಳೇ ನೈಲಾನ್ ಸೀರೆ ಕೊಡು" ಎಂದರು. ಕಾಲೇಜಿಗೆ ಉಡುತ್ತಿದ್ದ ಹಸಿರು ಸೀರೆಯೊಂದನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದೆ. ಯಾಕೆಂದು ಕೇಳದೆ ಕೊಟ್ಟೆ. ಅದನ್ನು ಎರಡು ಕೈಯಲ್ಲಿ ಅಗಲವಾಗಿ ಹಿಡಿದು, ಕೆರೆಯಲ್ಲಿ ಬಲೆ ಎಳೆಯುವವರ ಹಾಗೆ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ನೆಲದ ಮೇಲೆ ಎಳೆದುಕೊಂಡು ಹೋದರು. ಸೀರೆ ಚುರುಕ್ ಎಂದು ಸಿಕ್ಕಿಕೊಂಡ ಕಡೆಯಲ್ಲೆಲ್ಲ ಒಂದು ಪಿನ್ನಿನ ತುಣುಕು! ಅರವತ್ತು ಕಡೆಯಾದರೂ ಸಿಕ್ಕಿಕೊಂಡಿರಬೇಕು. ಸಂಜೆಯ ಹೊತ್ತಿಗೆ ನನ್ನ ಸೀರೆ ಜರಡಿಯಾಗಿತ್ತು.

"ಒಳ್ಳೇ ಸೀರೆ ತಾಯಿ" ಎಂದು ಮಡಚಿ ವಾಪಸ್ ಕೊಟ್ಟರು. "ಇನ್ನೊಂದೈತಾ? ರೂಮಿನ ಕಡೀಗೆ ಬೇಕು."

ಸಿಟ್ಟು ಬಂದಾಗ ಬೆರಳು ಮಡಚಿ ಹತ್ತು ಎಣಿಸಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಆ ಬೇಸಿಗೆಯಲ್ಲಿ ನಾನು ಎಣಿಸಿದಷ್ಟು ಹತ್ತುಗಳನ್ನು ಜೀವಮಾನದಲ್ಲಿ ಎಣಿಸಿರಲಿಲ್ಲ.

ಆಮೇಲೆ ಶುರುವಾಯಿತು ಫ್ಲಾಟು ಮತ್ತು ಲೆವೆಲ್ಲಿನ ಪಾಠ. ನಮ್ಮವರು ಅಂಗಡಿಯಿಂದ ಗುಳ್ಳೆಯಿರುವ ರಸಮಟ್ಟ ತಂದು, "ಸಾರ್, ಈ ಮೂಲೆ ಇಳಿಜಾರಿದೆ" ಎಂದು ಹೆಮ್ಮೆಯಿಂದ ತೋರಿಸಿದರು. ಅದನ್ನು ಅವರು ಕಿತ್ತುಕೊಂಡು ಸೋಫಾದ ಮೇಲೆ ಎಸೆದರು. "ಲೆವೆಲ್ಲು ಯಾರಿಗ್ಬೇಕು ಸ್ವಾಮಿ? ಇಡೀ ಮನೆ ವಾಲ್ಕೊಂಡ್ರೂ ಮರಕ್ಕೆ ಚಿಂತೆ ಇಲ್ಲ. ನಡುನಡುವೆ ಉಬ್ಬು ತಗ್ಗು ಇರಬಾರ್ದು, ಅಷ್ಟೇಯ." ಹತ್ತಡಿ ಉದ್ದದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಮಗುವಿನ ಹಾಗೆ ಕಂಬಳಿಯಲ್ಲಿ ಸುತ್ತಿಕೊಂಡು ತರುತ್ತಿದ್ದರು. ಅದನ್ನು ನೆಲದ ಮೇಲೆ ಇಡುವುದು, ಕೆನ್ನೆ ನೆಲಕ್ಕೆ ತಾಗಿಸಿ ಮಲಗುವುದು, ಪಟ್ಟಿಯ ಕೆಳಗಿನಿಂದ ಬೆಳಕು ಇಣುಕಿದ ಕಡೆ ಪೆನ್ಸಿಲಿನಿಂದ ಸುತ್ತು ಬರೆಯುವುದು. ವಾರದಲ್ಲಿ ನಮ್ಮ ಹಾಲ್ ಶಾಲೆಯ ಅಟ್ಲಾಸಿನ ಪುಟವಾಯಿತು. ಉಬ್ಬಿಗೆ ಒಂದು ಗುರುತು, ತಗ್ಗಿಗೆ ಒಂದು ಗುರುತು. ಟಿವಿಯ ಮುಂದಿದ್ದ ದೊಡ್ಡ ಉಬ್ಬಿಗೆ ನನ್ನನ್ನು ಕೆಣಕಲೆಂದೇ ಚಾಮುಂಡಿ ಬೆಟ್ಟ ಎಂದು ಹೆಸರಿಟ್ಟರು. "ಇವತ್ತು ನಿಮ್ಮೂರ ಬೆಟ್ಟ ತೆಗೀತೀನಿ, ಬಾಗ್ಲು ಹಾಕ್ಕೋ" ಎಂದು ಉಜ್ಜುವ ಮೆಷಿನ್ ಚಾಲೂ ಮಾಡುತ್ತಿದ್ದರು. ಬಾಗಿಲು ಹಾಕಿಕೊಂಡರೂ ನಮ್ಮ ಸಾರಿನಲ್ಲಿ ಮರದ ಪುಡಿ ತೇಲುತ್ತಿತ್ತು.

ಓಕ್ ಹಲಗೆಯ ಕಟ್ಟುಗಳು ಬಂದು ಹಾಲ್‌ನಲ್ಲಿ ಗೋಡೆಯುದ್ದಕ್ಕೂ ಕೂತವು. ಮರ ಮನೆಯ ಹವೆಗೆ ಹೊಂದಿಕೊಳ್ಳಬೇಕಂತೆ. ಮರಕ್ಕೂ ಅಡಿನೆಲಕ್ಕೂ ಎರಡು ಮುಳ್ಳಿನ ಒಂದು ಮೀಟರು ಚುಚ್ಚಿ ತೇವ ಎಷ್ಟಿದೆ ಎಂದು ದಿನಾ ನೋಡುತ್ತಿದ್ದರು. ಎರಡೂ ಹತ್ತಿರ ಹತ್ತಿರ ಬರುವ ತನಕ ಮೊಳೆ ಹೊಡೆಯುವಂತಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಇಲ್ಲಿಯ ಮನೆಗಳಲ್ಲಿ ನೆಲಕ್ಕೂ ಮಣ್ಣಿಗೂ ನಡುವೆ ಬಿಟ್ಟಿರುವ ಮೊಣಕಾಲೆತ್ತರದ ಸಂದಿಗೆ ತೆವಳಿಕೊಂಡು ಹೋಗಿ, ಮಣ್ಣಿನ ತೇವ ಮೇಲೇರದಂತೆ ಕಪ್ಪು ಪ್ಲಾಸ್ಟಿಕ್ ಹಾಸಿ ಬಂದರು. ಹುಬ್ಬಿನ ತುಂಬ ಜೇಡರ ಬಲೆ. "ಬೇಡ ಅಂಕಲ್, ಏನಾದ್ರೂ ಆದ್ರೆ?" ಎಂದು ನಾನು ಕೂಗುತ್ತಲೇ ಇದ್ದೆ. ಹೊರಗೆ ಬಂದವರು, "ಏನಾಯ್ತದೆ? ಒಸಿ ಮಜ್ಜಿಗೆ ಕೊಡು" ಎಂದರು.

ಒಂದು ದಿನ ಅತ್ತೆಯನ್ನು ನೋಡಲು ನಮ್ಮ ಜೊತೆ ತಾವೂ ಬರುತ್ತೇನೆಂದರು. ನನಗೆ ಸಂತೋಷವಾಯಿತು. ಇಷ್ಟಾದರೂ ಮನುಷ್ಯತ್ವ ಇದೆಯಲ್ಲ ಎಂದುಕೊಂಡೆ. ಅಲ್ಲಿ ಅತ್ತೆ ಕೈಮುಗಿದು, "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿರುವಾಗಲೇ ಇವರು ಅವರ ವಾಕರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಜೇಬಿನಿಂದ ಟೇಪು ತೆಗೆದು ಚಕ್ರ ಅಳೆದರು. ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡರು. "ಬರ್ತೀನಮ್ಮ" ಎಂದು ಹೊರಟೇಬಿಟ್ಟರು.

"ಯಾರೇ ಅದು?" ಎಂದರು ಅತ್ತೆ. "ಹೇಗಿದ್ದೀರಿ ಅಂತ ಒಂದು ಮಾತು ಬೇಡ್ವಾ? ನನ್ನನ್ನ ನೋಡೋಕೆ ಬಂದ್ರೋ, ಈ ಗಾಡೀನ ನೋಡೋಕೆ ಬಂದ್ರೋ?"

ಹೀಗೆ ಜಗ್ಗಿ ಜಗ್ಗಿ ಕೊನೆಗೂ ಒಂದು ಗುರುವಾರ, "ನಾಡಿದ್ದು ಶನಿವಾರ ಮೊಳೆ ಹೊಡಿಯೋರ ಕರೀಬೌದು" ಎಂಬ ಮಾತು ಅವರ ಬಾಯಿಂದ ಬಂತು. ಶನಿವಾರ ಶುರು ಮಾಡಿದರೆ ಮಂಗಳವಾರಕ್ಕೆ ಮುಗಿಯುತ್ತದೆ. ಬುಧವಾರ ಅತ್ತೆ ಮನೆಗೆ. ನಾನು ದೇವರಿಗೆ ದೀಪ ಹಚ್ಚಿದೆ.

ಮಾರನೆಯ ದಿನ ವರಮಹಾಲಕ್ಷ್ಮಿ ಹಬ್ಬ.

ಇಲ್ಲಿಂದ ಮುಂದೆ ನಡೆದದ್ದರಲ್ಲಿ ತಪ್ಪು ನನ್ನದು. ಅದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ. ಆದರೆ ಓದುವವರು ಒಂದು ಗಳಿಗೆ ನನ್ನ ಜಾಗದಲ್ಲಿ ನಿಂತು ನೋಡಬೇಕು. ಹಬ್ಬದ ಬೆಳಿಗ್ಗೆ ಸ್ನಾನ ಮಾಡಿ ಬಂದವಳು ಕಳಶ ಇಡುವ ಜಾಗ ನೋಡುತ್ತೇನೆ. ನೆಲದ ತುಂಬ ಮರದ ಪುಡಿ, ಪೆನ್ಸಿಲ್ ಗೆರೆ, ಎರಡು ತಿಂಗಳಿನಿಂದ ಊರವರೆಲ್ಲ ಓಡಾಡಿದ ಧೂಳು. ಒರೆಸದ ನೆಲದ ಮೇಲೆ ಲಕ್ಷ್ಮಿಯನ್ನು ಕೂರಿಸುವುದು ಹೇಗೆ? ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಬಕೆಟ್ಟಿಗೆ ನೀರು ತುಂಬಿ, ಬಟ್ಟೆ ಅದ್ದಿ, ಹಿಂಡಿ, ಬಾಗಿಲಿನಿಂದ ದೇವರ ಗೂಡಿನವರೆಗೆ ಒರೆಸಿಕೊಂಡು ಬಂದೆ. ಆಮೇಲೆ ಒಂದು ಚಿಟಿಕೆ ಅರಿಶಿನ ಹಾಕಿ ಇನ್ನೊಂದು ಸಲ. ಪ್ಲೈವುಡ್ ಘಮ್ಮೆಂದಿತು. ಎಂಟೆಳೆಯ ರಂಗೋಲಿ ಹಾಕಿದೆ. ಎರಡು ತಿಂಗಳಲ್ಲಿ ಮೊದಲ ಸಲ ಮನೆ ಮನೆಯಂತೆ ಕಂಡಿತು.

ಸಂಜೆ ಪ್ರಸಾದಕ್ಕೆಂದು ಅವರನ್ನೂ ಕರೆದಿದ್ದೆ. ಬಾಗಿಲಲ್ಲಿ ಶೂ ಬಿಚ್ಚಿ ಒಳಗೆ ಒಂದು ಹೆಜ್ಜೆ ಇಟ್ಟವರು ಅಲ್ಲೇ ನಿಂತರು. ಬಗ್ಗಿ ರಂಗೋಲಿಯನ್ನು ನೋಡಿದರು. "ಗೆರೆ ಎಲ್ಲೂ ಮುರ್ದಿಲ್ಲ. ನೋಡು, ನೆಲ ಎಂಗೆ ಫ್ಲಾಟೈತೆ!" ಎಂದು ಮುಖ ಅರಳಿಸಿದರು. ಅಷ್ಟರಲ್ಲಿ ಅಂಗಾಲಿಗೆ ಏನೋ ತಿಳಿಯಿತು. ಜೇಬಿನಿಂದ ಮೀಟರು ತೆಗೆದು ಚುಚ್ಚಿದರು. ನಿನ್ನೆ ಹತ್ತು ತೋರಿಸಿದ್ದು ಇಪ್ಪತ್ತೆರಡು ತೋರಿಸಿತು.

"ಏನ್ ಮಾಡ್ಬುಟ್ಟೆ ತಾಯಿ?"

"ಹಬ್ಬ ಅಲ್ವಾ ಅಂಕಲ್, ಒರೆಸಿದೆ."

"ಎಷ್ಟು?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಎರಡು ಸಲ. ಒಂದು ಸಲ ಬರೀ ನೀರು, ಒಂದು ಸಲ ಅರಿಶಿನದ್ದು."

ಅವರು ಕಳಶದ ಕಡೆ ತಿರುಗಿ ಲಕ್ಷ್ಮಿಯ ಮುಖವನ್ನೇ ನೋಡಿದರು, ಅವಳೂ ಇದರಲ್ಲಿ ಶಾಮೀಲು ಎನ್ನುವಂತೆ. ಆಮೇಲೆ ಫೋನ್ ತೆಗೆದು ಮೊಳೆ ಹೊಡೆಯುವವನಿಗೆ ನಾಳೆ ಬರಬೇಡ, ಮುಂದಿನ ವಾರ ಬಾ ಎಂದರು.

ನಮ್ಮವರು, "ಸಾರ್, ಫ್ಯಾನ್ ಹಾಕಿದ್ರೆ ಬೆಳಗ್ಗೆ ಒಣಗಿರುತ್ತೆ" ಎಂದರು.

"ಮೇಲೆ ಒಣಗ್ತದೆ. ಒಳಗೆ ಕೂತಿರೋದು?"

ಆಗ ನಾನು ಹತ್ತು ಎಣಿಸಲಿಲ್ಲ. "ಸಾಕು ಅಂಕಲ್!" ಎಂದೆ. ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ಎರಡು ತಿಂಗಳಿಂದ ನೋಡ್ತಿದ್ದೀನಿ. ಬೆಟ್ಟ ಅಂದ್ರಿ, ಹಳ್ಳ ಅಂದ್ರಿ, ನನ್ನ ಸೀರೆಗಳು ಹೋದ್ವು. ಬುಧವಾರ ಅತ್ತೇನ ಆ ಹಿಂದಿನ ರೂಮಿಗೆ ಹಾಕ್ತಾರೆ, ಗೊತ್ತಾ? ಆಮೇಲೆ ನಿಮ್ಮ ಫ್ಲಾಟ್ ನೆಲದ ಮೇಲೆ ಯಾರು ನಡೀಬೇಕು? ನಾನು ಎಲ್ಲಿಗೆ ಕರ್ಕೊಂಡು ಬರ್ಲಿ ಅವರನ್ನ?"

ಅವರು ಕೂಗಲಿಲ್ಲ. "ಒದ್ದೆ ಮೇಲೆ ಮರ ಹಾಕಿದ್ರೆ, ಅದು ಕೆಳಗಿಂದ ನೀರು ಕುಡ್ದು ಅಂಚು ಎತ್ತತದೆ" ಎಂದರು. "ಅವ್ರು ಬಿದ್ದಿದ್ದು ಏನಕ್ಕೆ ತಾಯಿ? ಅಂಚಿಗೇ ಅಲ್ವಾ?"

ಬಗ್ಗಿ ಅಂಗೈಯಿಂದ ನೆಲ ಸವರಿದರು.

"ಬುಧವಾರ ಇಲ್ಗೇ ಕರ್ಕೊಂಡು ಬಾ. ಮರ ಆಮೇಲೆ. ಇದ್ರ ಮೇಲೇ ನಡೀಲಿ."

"ಪ್ಲೈವುಡ್ ಮೇಲಾ!"

"ಏನಾಗೈತೆ ಪ್ಲೈವುಡ್ಡಿಗೆ?" ಎಂದು ನನ್ನನ್ನೇ ಗದರಿದರು. ಮಗಳನ್ನು ಯಾರೋ ಕಪ್ಪು ಎಂದಂತೆ ಅವರಿಗೆ ನೋವಾಗಿತ್ತು.

ಶನಿವಾರದಿಂದ ಮಂಗಳವಾರದವರೆಗೆ ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ತನಕ ಇರುತ್ತಿದ್ದರು. ಒಂದೊಂದು ಪ್ಲೈವುಡ್ ಹಾಳೆಯ ಸೇರುವೆಯನ್ನೂ ಕೈಯಿಂದಲೇ ಉಜ್ಜಿದರು. ಬರಿಗಾಲಲ್ಲಿ ಕಣ್ಣು ಮುಚ್ಚಿಕೊಂಡು ನಡೆದು, ಸಿಬಿರು ಚುಚ್ಚಿದ ಕಡೆ ಮತ್ತೆ ಉಜ್ಜಿದರು. ಮರ ಹಾಕದೆ ಇರುವುದರಿಂದ ಅಡಿನೆಲ ಅಡುಗೆಮನೆಯ ಟೈಲ್ಸಿಗಿಂತ, ಬಚ್ಚಲಿನ ಹೊಸ್ತಿಲಿಗಿಂತ ಮುಕ್ಕಾಲು ಇಂಚು ತಗ್ಗಿನಲ್ಲಿತ್ತು. ಆ ಎರಡೂ ಕಡೆ ವಾಕರಿನ ಚಕ್ರ ಉರುಳಿ ಹೋಗುವಂತೆ ಇಳಿಜಾರಿನ ಪಟ್ಟಿ ಬೇಕು ಎಂದರು. ಎಲ್ಲಿಂದ ಮಾಡುತ್ತಾರೋ ಎಂದು ನಾನು ನೋಡುತ್ತಿರುವಾಗಲೇ, ಎರಡು ವಾರ ಕೂತು ನಾನು ಬಣ್ಣ ಆರಿಸಿದ್ದ ಓಕಿನ ಕಟ್ಟು ಬಿಚ್ಚಿ, ಅದರಲ್ಲೇ ಚೆನ್ನಾಗಿದ್ದ ಮೂರು ಹಲಗೆಗಳನ್ನು ಉದ್ದಕ್ಕೆ ಸೀಳಿಬಿಟ್ಟರು. ನಾನು ಅಡುಗೆಮನೆಗೆ ಹೋಗಿ ಹಿಟ್ಟು ನಾದಿದೆ. ಅವತ್ತಿನ ಚಪಾತಿ ತುಂಬ ಮೆತ್ತಗೆ ಬಂದಿತ್ತು.

ಬುಧವಾರ ಹನ್ನೊಂದು ಗಂಟೆಗೆ ಅತ್ತೆಯನ್ನು ಕರೆತಂದೆವು. ಅವರು ಬಾಗಿಲಲ್ಲಿ ವಾಕರ್ ಹಿಡಿದು ನಿಂತು ಒಳಗೆ ಕಣ್ಣಾಡಿಸಿದರು. ಕಾರ್ಪೆಟ್ಟಿಲ್ಲ, ಮರವಿಲ್ಲ, ಬೋಳು ಪ್ಲೈವುಡ್, ಪೆನ್ಸಿಲಿನ ಸುತ್ತುಗಳು, ಮೂಲೆಯಲ್ಲಿ ಹಲಗೆಯ ಕಟ್ಟು.

"ಇದೇನೇ, ಮನೆಯೋ ಗೋಡೌನೋ?"

"ನಿಧಾನ ಅತ್ತೆ" ಎಂದು ನಾನು ಬಲಗಡೆ ಹಿಡಿದೆ. ನಮ್ಮವರು ಎಡಗಡೆ. ಅಂಕಲ್ ಮಾತ್ರ ಮುಂದೆ ಹೋಗಿ, ನೆಲಕ್ಕೆ ಕೈಯೂರಿ ಬಗ್ಗಿ, ಚಕ್ರಗಳನ್ನೇ ನೋಡುತ್ತ ಹಿಂದೆ ಹಿಂದೆ ಸರಿಯತೊಡಗಿದರು. ಒಂದು ಹೆಜ್ಜೆ. ಎರಡು. ಮೂರು. ನಾಲ್ಕು. ಅತ್ತೆ ನಿಂತರು. ನಾನು ಹಿಂದಿನ ವಿಭಾಗದ ಕಿಟಕಿಯನ್ನು ನೆನೆಯಬಾರದೆಂದುಕೊಂಡು ಅದನ್ನೇ ನೆನೆದೆ.

"ಸ್ವಲ್ಪ ಆಚೆ ಹೋಗಿ ಸ್ವಾಮಿ" ಎಂದರು ಅತ್ತೆ, ಅವರಿಗೆ. "ದಾರಿಗೆ ಅಡ್ಡ ಕೂತ್ಕೊಂಡ್ರೆ ನಾನು ಹೇಗೆ ನಡೀಲಿ?"

ಅವರು ದಡಬಡಿಸಿ ಎದ್ದು ಗೋಡೆಗೆ ಒರಗಿ ನಿಂತರು. ಅತ್ತೆ ಐದನೆಯ ಹೆಜ್ಜೆ ಇಟ್ಟರು. ಆರನೆಯದು. ಚಕ್ರ ಸೇರುವೆಗಳನ್ನು ದಾಟಿತು. ಎಲ್ಲಿ ದಾಟಿತೆಂದು ಕಿವಿಗೆ ತಿಳಿಯಲಿಲ್ಲ. ಟಿವಿಯ ಮುಂದಿನಿಂದ, ದೇವರ ಗೂಡಿನ ಮುಂದಿನಿಂದ ತಮ್ಮ ರೂಮಿನವರೆಗೆ ಎಲ್ಲೂ ನಿಲ್ಲದೆ ನಡೆದು ಹೋಗಿ ಮಂಚದ ಮೇಲೆ ಕೂತು ಉಸಿರು ಬಿಟ್ಟರು.

ರೂಮಿನ ಬಾಗಿಲಲ್ಲಿ ನಿಂತು ಅಂಕಲ್ ಕೇಳಿದರು: "ಎಲ್ಲಾದ್ರೂ ತಟ್ತಾ ಅಮ್ಮ?"

"ಏನು ತಟ್ಟಬೇಕಿತ್ತು?" ಎಂದರು ಅತ್ತೆ.

ಅವರು ಕಂಬಳಿಯಲ್ಲಿ ಪಟ್ಟಿ ಸುತ್ತಿಕೊಂಡು ಬಾಗಿಲ ಕಡೆ ಹೊರಟರು. ನಾನು ಹಿಂದೆಯೇ ಹೋದೆ. ಧನ್ಯವಾದ ಎಂಬ ಪದ ತೀರ ಸಭೆಯ ಮಾತಾಯಿತು, ಬೇರೇನು ಹೇಳಲಿ ಎಂದು ಹುಡುಕುತ್ತಿದ್ದೆ. ಅವರು ಹೊಸ್ತಿಲಾಚೆ ಕೂತು ಒಂದು ಕಾಲಿಗೆ ಶೂ ಹಾಕಿಕೊಂಡು ನನ್ನ ಕಡೆ ನೋಡಿ, "ಇನ್ನೊಂದು ವಾರ ಬಕೆಟ್ಟು ಮುಟ್ಟಬ್ಯಾಡ. ಯಾವ್ದಾದ್ರೂ ಹಬ್ಬ ಐತಾ, ಈಗ್ಲೇ ಹೇಳ್ಬುಡು" ಎಂದರು.

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಧ್ವನಿ. "ಬಾರೇ ಇಲ್ಲಿ. ಇನ್ನೊಂದು ಸಲ ಬಾಗಿಲ ತನಕ ಹೋಗಿ ಬರ್ತೀನಿ."

ನಮ್ಮವರು ಓಡುವ ಮೊದಲೇ ಅತ್ತೆ ಎದ್ದಿದ್ದರು. ಯಾರೂ ಹಿಡಿದಿರಲಿಲ್ಲ. ವಾಕರ್ ತಳ್ಳಿಕೊಂಡು ಹಾಲ್‌ಗೆ ಬಂದರು. ಅಂಕಲ್ ಹೊಸ್ತಿಲಲ್ಲಿ ಇನ್ನೊಂದು ಶೂ ಕೈಯಲ್ಲಿ ಹಿಡಿದುಕೊಂಡು, ತಲೆ ವಾರೆ ಮಾಡಿ, ಆ ಹೆಜ್ಜೆಗಳನ್ನು ಕೇಳಿಸಿಕೊಳ್ಳುತ್ತಿದ್ದರು. ಅವರ ಕಣ್ಣಿನಲ್ಲಿ ನೀರಿತ್ತೆಂದು ನಾನು ಹೇಳಬಹುದು. ಹೇಳಿದರೆ ಸುಳ್ಳಾಗುತ್ತದೆ. ಹಾಲ್‌ನ ನಡುವೆ ಅತ್ತೆಯ ಕಾಲ ಕೆಳಗೆ ಎಲ್ಲೋ ಸಣ್ಣದಾಗಿ ಕಿರ್ ಎಂದಿತು.

ಅವರು ಹಾಕಿಕೊಂಡಿದ್ದ ಶೂ ಬಿಚ್ಚತೊಡಗಿದರು.